ಗಾಯದ ಕಲೆಗೆ ಲೇಸರ್: ಯಾವ ಕಲೆಗೆ, ಎಷ್ಟರ ಮಟ್ಟಿಗೆ?

ಲೇಸರ್ ಎಂಬ ಪದ ಹಿಂದೆ ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಕೇಳಿಬರುತ್ತಿತ್ತು. ಇಂದು ತಾಲ್ಲೂಕು ಪಟ್ಟಣದ ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲೂ ‘ಲೇಸರ್‌ನಿಂದ ಕಲೆ ಮಾಯ’ ಎಂಬ ಫಲಕ ತೂಗುತ್ತಿದೆ. ಅದನ್ನು ಓದಿ ಎರಡು ಬಗೆಯ ಜನ ಚರ್ಮರೋಗ ವೈದ್ಯರಾದ ನಮ್ಮ ಬಳಿಗೆ ಬರುತ್ತಾರೆ. ಮದುವೆಯ ಮಾತುಕತೆ ನಡೆದಿರುವ ಮಗಳ ಕೆನ್ನೆಯ ಮೊಡವೆ ಕಲೆಯನ್ನು ಹದಿನೈದು ದಿನಗಳಲ್ಲಿ ತೆಗೆದುಕೊಡಬೇಕೆಂದು ಕೇಳುವ ತಂದೆತಾಯಿ ಮೊದಲನೆಯವರು. ಅಡುಗೆಮನೆಯ ಬೆಂಕಿಯಲ್ಲಿ ಬೆಂದು, ಮೊಣಕೈಯ ಚರ್ಮ ಬಿಗಿದುಕೊಂಡು, ಕೈಯನ್ನು ಪೂರ್ತಿ ಚಾಚಲಾಗದೆ, ರಾತ್ರಿಯೆಲ್ಲ ನವೆಯಿಂದ ನಿದ್ರೆಗೆಟ್ಟು, ‘ಇದು ಅಂದ ಚಂದದ ಚಿಕಿತ್ಸೆಯಂತೆ, ನಮಗೇಕೆ?’ ಎಂದು ಹಿಂಜರಿಯುತ್ತಲೇ ಬರುವವರು ಎರಡನೆಯವರು. ಮೊದಲನೆಯವರಿಗೆ ಲೇಸರ್ ಕೊಡಬಲ್ಲುದು ಅವರು ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ಎರಡನೆಯವರಿಗೆ ಅವರು ಎಣಿಸಿದ್ದಕ್ಕಿಂತ ಹೆಚ್ಚು. ಈ ವ್ಯತ್ಯಾಸವನ್ನು ಓದುಗರಿಗೆ ವಿವರಿಸಬೇಕೆಂಬುದೇ ನಮ್ಮ ಉದ್ದೇಶ.

ಗಾಯ ಮಾದ ಮೇಲೆ ಉಳಿಯುವ ಕಲೆಯ ಚಿಂತೆ ಇಂದಿನದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ವ್ರಣಕ್ಕೆ ಹೇಳುವ 60 ಉಪಕ್ರಮಗಳಲ್ಲಿ ಬೆಳ್ಳಗಾದ ಕಲೆಯನ್ನು ಮೈಬಣ್ಣಕ್ಕೆ ತರುವ ಕೃಷ್ಣಕರ್ಮ, ಕಪ್ಪಾದ ಕಲೆಯನ್ನು ತಿಳಿಗೊಳಿಸುವ ಪಾಂಡುಕರ್ಮ, ಕಲೆಯ ಮೇಲೆ ಕೂದಲು ಬರಿಸುವ ರೋಮಸಂಜನನ ಇವೂ ಸೇರಿವೆ. ಗಾಯ ಕೂಡಿಕೊಂಡೊಡನೆ ವೈದ್ಯನ ಕೆಲಸ ಮುಗಿಯಿತೆಂದು ಆ ಆಚಾರ್ಯರು ಭಾವಿಸಿರಲಿಲ್ಲ. ಹಾಗೆಯೇ ಎಲ್ಲ ಕಲೆಗೂ ಒಂದೇ ಮದ್ದೆಂದೂ ಹೇಳಲಿಲ್ಲ. ಇಂದಿನ ಫಲಕಗಳು ಮರೆತಿರುವುದು ಈ ಎರಡನೆಯ ಸಂಗತಿಯನ್ನು.

ಕಲೆ ಹೇಗೆ ಉಂಟಾಗುತ್ತದೆ?

ನಮ್ಮ ಚರ್ಮದಲ್ಲಿ ತೆಳುವಾದ ಹೊರಪದರ ಮತ್ತು ಅದರ ಕೆಳಗೆ ದಪ್ಪನಾದ ಒಳಪದರ ಇವೆ. ಮೊಣಕಾಲು ತರಚಿದಾಗ ಹೊರಪದರವಷ್ಟೇ ಕಿತ್ತುಹೋಗಿದ್ದರೆ ಕೆಲವು ದಿನಗಳಲ್ಲಿ ಗುರುತೇ ಇಲ್ಲದಂತೆ ಮಾಯುತ್ತದೆ. ಪೆಟ್ಟು ಒಳಪದರಕ್ಕೆ ಇಳಿದಾಗ ಮಾತ್ರ ಶರೀರವು ಕೊಲಾಜೆನ್ ಎಂಬ ನಾರಿನಿಂದ ಆ ಬಿರುಕನ್ನು ತುಂಬುತ್ತದೆ. ಸಹಜ ಚರ್ಮದಲ್ಲಿ ಈ ನಾರುಗಳು ಬುಟ್ಟಿ ಹೆಣೆದಂತೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಒತ್ತಾಗಿ ಸಾಲುಗಟ್ಟುತ್ತವೆ. ಅದರಿಂದಲೇ ಕಲೆ ಹೊಳೆಯುತ್ತದೆ, ಗಟ್ಟಿಯಾಗುತ್ತದೆ. ಎಷ್ಟೇ ಚೆನ್ನಾಗಿ ಮಾದರೂ ಅಲ್ಲಿನ ಚರ್ಮ ಹೆಚ್ಚೆಂದರೆ ಮೊದಲಿನ ಬಲದ ಶೇಕಡಾ 80ರಷ್ಟನ್ನು ಪಡೆಯುತ್ತದೆ.

ಈ ತುಂಬುವ ಕೆಲಸ ಹೊಲಿಗೆ ಬಿಚ್ಚಿದ ದಿನ ಮುಗಿಯುವುದಿಲ್ಲ. ಒಂದು ವರ್ಷದವರೆಗೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಶರೀರವು ಹಾಕಿದ ನಾರನ್ನು ಕರಗಿಸಿ ಮರಳಿ ಹೆಣೆಯುತ್ತಿರುತ್ತದೆ. ಮೂರು ತಿಂಗಳ ಕೆಂಪು ಕಲೆಯನ್ನು ನೋಡಿ ಇದೇ ಶಾಶ್ವತವೆಂದು ಕಂಗೆಡುವವರಿಗೆ ನಾವು ಹೇಳುವ ಮೊದಲ ಮಾತು ಇದೇ.

ಕಲೆಯಾವುದು, ಬಣ್ಣ ಯಾವುದು ಎಂಬುದನ್ನು ಮನೆಯಲ್ಲಿಯೇ ತಿಳಿಯಬಹುದು. ಕಣ್ಣು ಮುಚ್ಚಿ ಆ ಜಾಗದ ಮೇಲೆ ಬೆರಳಾಡಿಸಿ ನೋಡಬೇಕು. ಉಬ್ಬೂ ತಗ್ಗೂ ಬೆರಳಿಗೆ ಸಿಗದಿದ್ದರೆ ಅದು ಬಹುಮಟ್ಟಿಗೆ ಕಲೆಯಲ್ಲ. ಉರಿಯೂತದ ನಂತರ ಚರ್ಮದಲ್ಲಿ ಉಳಿದ ಕಪ್ಪು ಬಣ್ಣ. ಮೊಡವೆ ಒಡೆದ ಮೇಲೆ ಉಳಿಯುವ ಕಪ್ಪು ಚುಕ್ಕೆಗಳು ಹೆಚ್ಚಿನವು ಈ ಜಾತಿಯವು. ಬಿಸಿಲಿನಿಂದ ಕಾಪಾಡಿಕೊಂಡು, ವೈದ್ಯರು ಕೊಟ್ಟ ಮುಲಾಮು ಹಚ್ಚಿದರೆ ತಿಂಗಳುಗಳಲ್ಲಿ ತಾವಾಗಿ ತಿಳಿಯಾಗುತ್ತವೆ. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಚರ್ಮವನ್ನು ಸುಡಿಸಿಕೊಳ್ಳುವುದು ಅವಿವೇಕವೆಂದೇ ನಮ್ಮ ಅಭಿಪ್ರಾಯ. ಲೇಸರ್ ಕೇಂದ್ರಗಳಿಗೆ ಹೋಗುವವರಲ್ಲಿ ಇಂಥವರೇ ಬಹಳ.

ನಿಜವಾದ ಕಲೆಗಳಲ್ಲಿ ಉಬ್ಬಿದವು ಎರಡು ಬಗೆ. ಗಾಯವಿದ್ದಷ್ಟೇ ಜಾಗದಲ್ಲಿ ಕೆಂಪಾಗಿ, ಹಗ್ಗದಂತೆ ಎದ್ದು ನಿಲ್ಲುವ ಉಬ್ಬುಕಲೆ ಒಂದು. ಇದು ಕಾಲಕ್ರಮದಲ್ಲಿ ತಗ್ಗುವ ಸ್ವಭಾವದ್ದು. ಗಾಯದ ಎಲ್ಲೆಯನ್ನು ಮೀರಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಹಬ್ಬುವುದು ಕೀಲಾಯ್ಡ್. ಏಡಿಯ ಕೊಂಡಿಯಂತೆ ಚಾಚುತ್ತದೆಂದು ಫ್ರಾನ್ಸಿನ ವೈದ್ಯ ಆಲಿಬೆರ್ 19ನೇ ಶತಮಾನದ ಆರಂಭದಲ್ಲಿ ಇಟ್ಟ ಹೆಸರು ಅದು. ಎದೆಯ ನಡುಭಾಗ, ಭುಜ, ದವಡೆ, ಕಿವಿಯ ಹಾಲೆ ಇದರ ನೆಲೆಗಳು. ಕಿವಿ ಚುಚ್ಚಿಸಿದ್ದರಿಂದ, ಎದೆಯ ಮೇಲಿನ ಒಂದು ಮೊಡವೆಯಿಂದ, ತೋಳಿನ ಬಿಸಿಜಿ ಲಸಿಕೆಯ ಗುರುತಿನಿಂದಲೂ ಹುಟ್ಟಬಹುದು. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಹೆಚ್ಚು. ಮನೆತನದಲ್ಲಿ ಹರಿದುಬರುವುದೂ ಉಂಟು.

ತಗ್ಗಾದ ಕಲೆಗಳಲ್ಲಿ ಮೊಡವೆಯ ಕುಳಿಗಳೇ ಪ್ರಧಾನ. ಇವೂ ಒಂದೇ ರೀತಿಯಲ್ಲ. ಕೆಲವು ದಬ್ಬಳದಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದಿರುತ್ತವೆ. ಕೆಲವು ಅಂಚು ಕಡಿದಂತೆ ನೇರವಾಗಿ, ತಳ ಚಪ್ಪಟೆಯಾಗಿರುತ್ತವೆ. ನಮ್ಮ ಕಡೆ ಅಮ್ಮ ಎನ್ನುವ ಚಿಕನ್‌ಪಾಕ್ಸ್‌ನ ಕಲೆಯೂ ಈ ರೂಪದ್ದೇ. ಇನ್ನು ಕೆಲವು ಅಲೆಯಂತೆ ಏರಿಳಿಯುತ್ತವೆ. ಕೆನ್ನೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದರೆ ಕಾಣದಾಗುತ್ತವೆ, ಏಕೆಂದರೆ ಅಲ್ಲಿ ಚರ್ಮವನ್ನು ಕೆಳಗಿನಿಂದ ಎಳೆದು ಹಿಡಿದಿರುವ ನಾರುಗಳಿರುತ್ತವೆ. ಸುಟ್ಟ ಗಾಯದ ಬಿಗಿ ಬೇರೆಯೇ ಪ್ರಕರಣ. ಅದನ್ನು ಮುಂದೆ ಹೇಳುತ್ತೇವೆ.

ಬೆಳಕಿನ ಕತ್ತಿ

1917ರಲ್ಲಿ ಐನ್‌ಸ್ಟೈನ್ ಲೇಸರ್‌ನ ತತ್ತ್ವವನ್ನು ಕಾಗದದ ಮೇಲೆ ಕಂಡರು. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಕೆಂಪುಕಲ್ಲಿನಿಂದ ಅದನ್ನು ಬೆಳಗಿಸಿದರು. ಮುಂದೆ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರನ್ನು ರೂಪಿಸಿದವರು ಕುಮಾರ್ ಪಟೇಲ್. ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದವರು ಅವರು. ಇಂದು ಗಾಯದ ಕಲೆಗೆ ಅತಿ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳಲ್ಲಿ ಒಂದು ಅದರ ಸಂತತಿಯೇ ಎಂಬುದು ಬಹಳ ಜನರಿಗೆ ತಿಳಿಯದು.

ಆ ಲೇಸರ್‌ನ ತರಂಗಾಂತರ 10,600 ನ್ಯಾನೋಮೀಟರ್. ಈ ಬೆಳಕನ್ನು ನೀರು ಹೀರಿಕೊಳ್ಳುತ್ತದೆ. ಚರ್ಮದ ಜೀವಕೋಶಗಳಲ್ಲಿ ಬಹುಪಾಲು ನೀರೇ ಇರುವುದರಿಂದ ಬೆಳಕು ಬಿದ್ದ ಬಿಂದು ಕ್ಷಣದಲ್ಲಿ ಆವಿಯಾಗುತ್ತದೆ. 595 ನ್ಯಾನೋಮೀಟರಿನ ಡೈ ಲೇಸರ್‌ನ ಬೆಳಕನ್ನಾದರೋ ರಕ್ತದ ಕೆಂಪು ದ್ರವ್ಯ ಹೀರುತ್ತದೆ. ಆದುದರಿಂದ ಅದು ಕೆಂಪು ಕಲೆಯ ಒಳಗಿನ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ಯಾವ ಬೆಳಕು ಚರ್ಮದ ಯಾವ ವಸ್ತುವನ್ನು ಆರಿಸಿ ಕಾಯಿಸುತ್ತದೆ ಎಂಬ ಈ ಸೂತ್ರವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ಇಬ್ಬರು ವೈದ್ಯರು ವಿಶದಪಡಿಸಿದರು.

ಮೊದಲಿಗೆ ಮುಖದ ಹೊರಪದರವನ್ನೆಲ್ಲ ಲೇಸರ್‌ನಿಂದ ಕೆರೆದು ತೆಗೆಯುವ ಪದ್ಧತಿಯಿತ್ತು. ರೋಗಿ ವಾರಗಟ್ಟಲೆ ಹಸಿಗಾಯದೊಂದಿಗೆ ಮನೆಯಲ್ಲಿ ಕೂರಬೇಕಾಗುತ್ತಿತ್ತು. ಕಂದು ಚರ್ಮದವರಿಗೆ ಕಲೆಗಿಂತ ಕೆಟ್ಟ ಬಣ್ಣಗೇಡು ಉಳಿಯುತ್ತಿತ್ತು. 2004ರಲ್ಲಿ ಪ್ರಕಟವಾದ ಹೊಸ ವಿಧಾನವು ಇದನ್ನು ಬದಲಿಸಿತು. ಇದರಲ್ಲಿ ಬೆಳಕನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಕಂಬಿಗಳಾಗಿ ಒಡೆದು ಬಿಡುತ್ತಾರೆ. ಕಂಬಿ ಇಳಿದಲ್ಲಿ ಮಾತ್ರ ಗಾಯ. ಎರಡು ಕಂಬಿಗಳ ನಡುವೆ ಚರ್ಮ ಹಾಗೆಯೇ ಉಳಿದು, ಅದರ ಆಸರೆಯಿಂದ ಗಾಯ ಬೇಗ ಮಾಯುತ್ತದೆ. ಹಳೆಯ ಮಣ್ಣಿನ ಗೋಡೆಯನ್ನು ಒಮ್ಮೆಗೇ ಕೆಡವದೆ, ಸಡಿಲವಾದ ಕಡೆ ಅಲ್ಲಲ್ಲಿ ಕಿತ್ತು ಹೊಸ ಮಣ್ಣು ತುಂಬಿ ಗಟ್ಟಿಮಾಡಿದಂತೆ. ಇದನ್ನು ಫ್ರ್ಯಾಕ್ಷನಲ್ ಲೇಸರ್ ಎನ್ನುತ್ತಾರೆ. ಹೊರಪದರವನ್ನು ಆವಿಮಾಡುವ ಯಂತ್ರಗಳೂ, ಹೊರಪದರವನ್ನು ಉಳಿಸಿ ಒಳಪದರವನ್ನಷ್ಟೇ ಕಾಯಿಸುವ ಯಂತ್ರಗಳೂ ಇದರಲ್ಲಿವೆ. ಎರಡನೆಯವು ಸೌಮ್ಯ, ಆದರೆ ಹೆಚ್ಚು ಸರದಿಗಳನ್ನು ಬೇಡುತ್ತವೆ.

ಸುಟ್ಟ ಗಾಯ: ಇಲ್ಲಿ ಪ್ರಶ್ನೆ ಚೆಲುವಿನದಲ್ಲ

ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಸಾಧಾರಣದಿಂದ ತೀವ್ರ ಪ್ರಮಾಣದ ಸುಟ್ಟ ಗಾಯಗಳಿಗೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀರೆಯ ಸೆರಗಿಗೆ ಒಲೆಯ ಉರಿ ತಾಗಿದ ಹೆಣ್ಣುಮಕ್ಕಳು, ಕುದಿಯುವ ಸಾರಿನ ಪಾತ್ರೆ ಎಳೆದುಕೊಂಡ ಕೂಸುಗಳು ಇವರಲ್ಲಿ ಸೇರಿದ್ದಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯಗಳ ಕೇಂದ್ರದಂತಹ ಕಡೆ ಜೀವ ಉಳಿಸಿಕೊಂಡು ಊರಿಗೆ ಮರಳಿದವರ ನಿಜವಾದ ಕಷ್ಟ ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಚರ್ಮ ದಪ್ಪಗಟ್ಟುತ್ತದೆ, ಮೊಣಕೈ, ಬೆರಳು, ಕಂಕುಳು, ಕುತ್ತಿಗೆಗಳಲ್ಲಿ ಸೆಳೆದುಕೊಳ್ಳುತ್ತದೆ, ಬೆವರು ಹೊರಬರದೆ ಬೇಸಗೆಯಲ್ಲಿ ಮೈ ಕುದಿಯುತ್ತದೆ. ಇವೆಲ್ಲಕ್ಕಿಂತ ರೋಗಿಗಳು ದೂರುವುದು ನವೆಯನ್ನು. ಮನೆಯವರು ‘ಬದುಕಿ ಉಳಿದದ್ದೇ ದೊಡ್ಡದು’ ಎಂದು ಸಮಾಧಾನ ಹೇಳಿ ಅಲ್ಲಿಗೇ ನಿಲ್ಲಿಸುತ್ತಾರೆ.

ಇಲ್ಲಿ ಫ್ರ್ಯಾಕ್ಷನಲ್ ಇಂಗಾಲದ ಡೈಆಕ್ಸೈಡ್ ಲೇಸರ್ ನಿಜವಾದ ಉಪಕಾರಿ. ದಪ್ಪ ಕಲೆಯೊಳಗೆ ಆಳವಾಗಿ ಕೊರೆದ ಸಣ್ಣ ರಂಧ್ರಗಳು ಗಟ್ಟಿ ನಾರನ್ನು ಸಡಿಲಿಸಿ, ಹೊಸ ನಾರು ಕ್ರಮವಾಗಿ ಹೆಣೆದುಕೊಳ್ಳಲು ಎಡೆಮಾಡುತ್ತವೆ. ಅದೇ ರಂಧ್ರಗಳ ಮೂಲಕ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ಕಲೆಯ ಒಳಕ್ಕೆ ಇಳಿಸುವುದೂ ಉಂಟು. ಕೆಲವು ಸರದಿಗಳ ನಂತರ ಚರ್ಮ ಮೆತ್ತಗಾಗುತ್ತದೆ, ನವೆ ತಗ್ಗುತ್ತದೆ, ಕೀಲು ಇನ್ನಷ್ಟು ಬಾಗುತ್ತದೆ. ಕಲೆ ಅಲ್ಲಿಯೇ ಇರುತ್ತದೆ; ಆದರೆ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತದೆ. ಹತ್ತಾರು ವರ್ಷಗಳ ಹಳೆಯ ಕಲೆಗೂ ಈ ಲಾಭ ದೊರೆಯುವುದುಂಟು. ಹೀಗಿರುವಾಗ ಇಂಥವರೇ ಲೇಸರ್ ಕೊಠಡಿಯ ಬಾಗಿಲಿಗೆ ಕಡಿಮೆ ಬರುತ್ತಾರೆ ಎಂಬುದು ನಮಗೆ ನೋವಿನ ಸಂಗತಿ.

ಒಂದು ಎಚ್ಚರಿಕೆ ಅವಶ್ಯ. ಗದ್ದವು ಎದೆಗೆ ಅಂಟಿಕೊಳ್ಳುವಷ್ಟು ಸೆಳೆತವಿದ್ದರೆ, ಕಣ್ಣಿನ ರೆಪ್ಪೆ ಮುಚ್ಚದಂತಾಗಿದ್ದರೆ, ಮೊದಲು ಬೇಕಾದದ್ದು ಪ್ಲಾಸ್ಟಿಕ್ ಸರ್ಜರಿ. ಬಿಗಿಯನ್ನು ಬಿಡಿಸಿ ಚರ್ಮ ಕಸಿ ಮಾಡಿದ ಮೇಲೆ ಉಳಿದ ಒರಟುತನಕ್ಕೆ ಲೇಸರ್. ಗಾಯ ಮಾಯುತ್ತಿರುವಾಗಲೇ ಆರಂಭಿಸುವ ಅಂಗಸಾಧನೆ, ದಿನಕ್ಕೆ 23 ಗಂಟೆಯವರೆಗೂ ತೊಡಬೇಕಾದ ಒತ್ತುಡುಪು ಇವುಗಳ ಸ್ಥಾನವನ್ನು ಯಾವ ಯಂತ್ರವೂ ತುಂಬಲಾರದು.

ಇದಕ್ಕಿಂತ ಮುಂಚಿನ ಮಾತೊಂದನ್ನು ಹೇಳದೆ ಮುಂದುವರಿಯಲಾರೆವು. ಸುಟ್ಟ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿದರೆ ಗಾಯದ ಆಳವೇ ಕಡಿಮೆಯಾಗುತ್ತದೆ. ಟೂತ್‌ಪೇಸ್ಟ್, ಶಾಯಿ, ಕಾಫಿ ಪುಡಿ, ಬೆಣ್ಣೆ ಯಾವುದನ್ನೂ ಮೆತ್ತಬಾರದು. ಕಾಮಾಲೆಗೆಂದೋ ಹೊಟ್ಟೆ ಉಬ್ಬರಕ್ಕೆಂದೋ ಎಳೆಯ ಕೂಸಿನ ಹೊಟ್ಟೆಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ನಮ್ಮ ಕೆಲವು ಹಳ್ಳಿಗಳಲ್ಲಿ ಪೂರ್ತಿ ಅಳಿದಿಲ್ಲ. ಆ ಬರೆಯಿಂದ ಕಾಮಾಲೆ ಹೋಗದು. ಮಗು ಬೆಳೆದಂತೆ ಬರೆಯೂ ಬೆಳೆಯುತ್ತದೆ.

ಉಳಿದ ಕಲೆಗಳಿಗೆ

ಕೀಲಾಯ್ಡ್ ಇರುವವರು ಲೇಸರ್‌ನ ಹೆಸರು ಕೇಳಿದಾಗ ತಡೆದು ನಿಲ್ಲಬೇಕು. ಅದನ್ನು ಬರಿಯ ಲೇಸರ್‌ನಿಂದ ಸುಟ್ಟರೂ, ಬರಿಯ ಕತ್ತಿಯಿಂದ ಕೊಯ್ದರೂ ಮತ್ತೆ ಬೆಳೆಯುತ್ತದೆ, ಅನೇಕ ವೇಳೆ ಮೊದಲಿಗಿಂತ ದೊಡ್ಡದಾಗಿ. ಮೂರು ನಾಲ್ಕು ವಾರಗಳಿಗೊಮ್ಮೆ ಕಲೆಯೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು, ಶೀತಚಿಕಿತ್ಸೆ, ಸಿಲಿಕೋನ್ ಹಾಳೆ ಇವೇ ಇಲ್ಲಿ ಮೊದಲ ಸಾಧನಗಳು. ಲೇಸರ್ ಇವುಗಳ ಜೊತೆಗೆ ಕೈಗೂಡಬಹುದೇ ಹೊರತು ಒಂಟಿಯಾಗಿ ಅಲ್ಲ. ಶಸ್ತ್ರಚಿಕಿತ್ಸೆಯ ಹೊಲಿಗೆಯ ಗುರುತು ಉಬ್ಬುತ್ತಿದ್ದರೆ ಸಿಲಿಕೋನ್ ಜೆಲ್ ಅಥವಾ ಹಾಳೆಯನ್ನು ದಿನಕ್ಕೆ 12 ಗಂಟೆಗೆ ಕಡಿಮೆಯಿಲ್ಲದಂತೆ ಎರಡು ಮೂರು ತಿಂಗಳು ಬಳಸುವುದೇ ಅಗ್ಗದ, ಸುಲಭದ ಮಾರ್ಗ. ಕೆಂಪು ಉಳಿದರೆ ಡೈ ಲೇಸರ್ ನೆರವಾಗುತ್ತದೆ.

ಮೊಡವೆಯ ಕುಳಿಗಳಲ್ಲಿ ಅಂಚು ಕಡಿದಂತಹವಕ್ಕೆ ಫ್ರ್ಯಾಕ್ಷನಲ್ ಲೇಸರ್ ಒಪ್ಪುತ್ತದೆ. ದಬ್ಬಳ ಚುಚ್ಚಿದಂತಹ ಆಳದ ಕುಳಿಯ ತಳಕ್ಕೆ ಲೇಸರ್ ಮುಟ್ಟುವುದೇ ಕಷ್ಟ. ಅಲ್ಲಿಗೆ ಕಡ್ಡಿಯ ತುದಿಯಿಂದ ತೀಕ್ಷ್ಣ ಆಮ್ಲವನ್ನು ಇಡುವ ವಿಧಾನ ಮೇಲು. ಅಲೆಯಂತಹ ಕಲೆಗೆ ಸೂಜಿಯನ್ನು ಚರ್ಮದಡಿಗೆ ಹಾಯಿಸಿ, ಎಳೆದು ಹಿಡಿದ ನಾರುಗಳನ್ನು ಕತ್ತರಿಸಬೇಕು. ಒಂದೇ ಕೆನ್ನೆಯ ಮೇಲೆ ಮೂರೂ ಬಗೆಗಳಿರುವುದರಿಂದ ಅನುಭವಿ ವೈದ್ಯರು ಮೂರನ್ನೂ ಬೆರೆಸಿ ಮಾಡುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮೂರರಿಂದ ಆರು ಸರದಿಗಳು ಬೇಕು. ಕುಳಿಗಳ ಆಳ ಅರ್ಧಕ್ಕಿಳಿದರೆ ನಾವು ಅದನ್ನು ಒಳ್ಳೆಯ ಫಲವೆಂದೇ ಎಣಿಸುತ್ತೇವೆ. ಹೊಸ ನಾರು ತುಂಬಲು ತಿಂಗಳುಗಳೇ ಹಿಡಿಯುವ ಕಾರಣ ಕೊನೆಯ ಸರದಿ ಮುಗಿದು ಮೂರರಿಂದ ಆರು ತಿಂಗಳಾದ ಮೇಲಷ್ಟೇ ಲೆಕ್ಕ ಹಾಕಬೇಕು. ಮದುವೆಗೆ ಹದಿನೈದು ದಿನ ಉಳಿದಿರುವಾಗ ಬಂದವರಿಗೆ ನಾವು ಲೇಸರ್ ಮಾಡುವುದಿಲ್ಲ. ಮೊಡವೆ ಇನ್ನೂ ಏಳುತ್ತಿರುವಾಗ ಕುಳಿ ತುಂಬಿಸಲು ಹೊರಡುವುದೂ ವ್ಯರ್ಥ; ಮೊದಲು ಮೊಡವೆ ನಿಲ್ಲಬೇಕು.

ಬಸಿರಿನ ಬಳಿಕ ಹೊಟ್ಟೆಯ ಮೇಲೆ ಉಳಿಯುವ ಬಿಳಿ ಗೆರೆಗಳಿಗೆ ಲೇಸರ್‌ನ ಫಲ ಅಲ್ಪ. ಅದಕ್ಕಾಗಿ ಹಣ ಕೂಡಿಡಬೇಕಿಲ್ಲ.

ಕಂದು ಚರ್ಮದ ಕಟ್ಟಳೆ

ಚರ್ಮವನ್ನು ಬಿಸಿಲಿಗೆ ತೋರುವ ಪ್ರತಿಕ್ರಿಯೆಯಂತೆ ವಿಂಗಡಿಸುವ ಕ್ರಮವನ್ನು 1975ರಲ್ಲಿ ಅಮೆರಿಕದ ಫಿಟ್ಜ್‌ಪ್ಯಾಟ್ರಿಕ್ ಆರಂಭಿಸಿದರು. ಇಂದು ಅದರಲ್ಲಿ ಆರು ದರ್ಜೆಗಳಿವೆ. ನಮ್ಮ ಜನರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ದರ್ಜೆಯವರು. ನಮ್ಮ ಚರ್ಮದ ಮೆಲನಿನ್ ಬಿಸಿಲಿನಿಂದ ಕಾಪಾಡುವ ವರವೇ ಆದರೂ, ಲೇಸರ್‌ನ ಕಾವು ತಾಗಿದಾಗ ಕೆರಳಿ ಕಪ್ಪು ಬಣ್ಣವನ್ನು ಹೆಚ್ಚಾಗಿ ಸುರಿಯುತ್ತದೆ. ಪಾಶ್ಚಾತ್ಯರ ಬಿಳಿ ಚರ್ಮಕ್ಕೆ ಬರೆದ ಪ್ರಮಾಣವನ್ನು ಇಲ್ಲಿ ಹಾಗೆಯೇ ಬಳಸಿದರೆ ಕುಳಿ ಇದ್ದ ಕೆನ್ನೆಯ ಮೇಲೆ ಯಂತ್ರದ ಅಚ್ಚಿನಾಕಾರದ ಕಪ್ಪು ಚೌಕ ಮೂಡುತ್ತದೆ. ಬೇರೆಡೆ ಒಟ್ಟು ಮೊತ್ತ ಮುಂಗಡ ಕಟ್ಟಿ, ಇಂಥ ಚೌಕಗಳನ್ನು ಹೊತ್ತು ಬಂದ ಯುವಕರನ್ನು ನಾವು ನೋಡಿದ್ದೇವೆ. ಸಕಾಲದಲ್ಲಿ ಆರೈಕೆ ಮಾಡಿದರೆ ಅವು ತಿಳಿಯಾಗುತ್ತವೆ, ನಿಧಾನವಾಗಿ. ಕಂಬಿಗಳನ್ನು ವಿರಳವಾಗಿ ಬಿಡುವುದು, ಸರದಿಗಳ ನಡುವೆ ಹೆಚ್ಚು ಅಂತರ ಕೊಡುವುದು, ಮೊದಲು ಕಿವಿಯ ಹಿಂದೆಯೋ ದವಡೆಯ ಅಂಚಿನಲ್ಲೋ ಸಣ್ಣ ಜಾಗದಲ್ಲಿ ಪರೀಕ್ಷಿಸಿ ನೋಡುವುದು, ಇವು ನಮ್ಮ ಚರ್ಮಕ್ಕೆ ಅವಶ್ಯವಾದ ಕಟ್ಟಳೆಗಳು. ಔಷಧದ ಅಂಗಡಿಯಿಂದ ತಂದ ಸ್ಟೀರಾಯ್ಡ್ ಬೆರೆತ ‘ಬೆಳ್ಳಗಾಗುವ’ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿ ತೆಳ್ಳಗಾದ ಚರ್ಮ ಲೇಸರ್‌ಗೆ ಇನ್ನೂ ಅಪಾಯಕಾರಿ.

ಲೇಸರ್‌ನ ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅರಿವಳಿಕೆ ಮುಲಾಮು ಹಚ್ಚಿರುತ್ತಾರೆ. ಆದರೂ ಒಗ್ಗರಣೆಯ ಸಾಸಿವೆ ಸಿಡಿದಂತೆ ಚುರುಗುಟ್ಟುತ್ತದೆ. ಕಣ್ಣಿಗೆ ಕವಚ ಕಡ್ಡಾಯ. ಅಂದು ಉರಿ, ಮೂರು ನಾಲ್ಕು ದಿನ ಕೆಂಪು ಮತ್ತು ಬಾವು, ಆಮೇಲೆ ಸಣ್ಣ ಕಂದು ಹಕ್ಕಳೆಗಳು. ವಾರದ ಹೊತ್ತಿಗೆ ಉದುರುತ್ತವೆ. ಅವನ್ನು ಉಗುರಿನಿಂದ ಕೀಳಬಾರದು. ಹಣೆಗೆ ಚಿಕಿತ್ಸೆಯಾಗಿದ್ದರೆ ಹಕ್ಕಳೆ ಪೂರ್ತಿ ಉದುರುವವರೆಗೆ ಅಲ್ಲಿ ವಿಭೂತಿ, ಕುಂಕುಮ, ಅರಿಸಿನ ಯಾವುದನ್ನೂ ಹಚ್ಚಬಾರದು. ಹಸಿ ರಂಧ್ರಕ್ಕೆ ಇಳಿದ ಪುಡಿ ಸೋಂಕಿಗೂ ಕಲೆಗೂ ಕಾರಣವಾಗಬಹುದು. ಬಿಸಿಲಿಗೆ ಸನ್‌ಸ್ಕ್ರೀನ್ ಜೊತೆಗೆ ಕೊಡೆ ಅಥವಾ ಸೆರಗು ಬೇಕು. ಜಮೀನಿನ ಕೆಲಸದವರು ಸುಗ್ಗಿ ಮುಗಿದ ಮೇಲೆ ಬರುವುದೇ ಒಳಿತು.

ಬಾಯಿಯ ಸುತ್ತ ಆಗಾಗ ಸರ್ಪಸುತ್ತಿನಂಥ ನೀರ್ಗುಳ್ಳೆ ಏಳುವವರು, ತೊನ್ನು ಇರುವವರು, ಹತೋಟಿಯಿಲ್ಲದ ಮಧುಮೇಹಿಗಳು, ಗರ್ಭಿಣಿಯರು, ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವವರು ಅದನ್ನು ಮೊದಲೇ ತಿಳಿಸಬೇಕು. ಯಂತ್ರ ಹಿಡಿಯುವವರು ಚರ್ಮರೋಗದಲ್ಲಿ ಎಂ.ಡಿ. ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಓದಿದವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ‘ಶೇಕಡಾ ನೂರು ಖಾತರಿ’ ಎಂದವರ ಬಳಿ ಮುಂದಿನ ಪ್ರಶ್ನೆ ಕೇಳುವ ಅಗತ್ಯವೇ ಇಲ್ಲ.

ಇನ್ನು ಖರ್ಚಿನ ವಿಚಾರ. ಒಂದು ಸರದಿಗೆ ಹಲವು ಸಾವಿರ ರೂಪಾಯಿ ತಗಲುತ್ತದೆ. ಮೊಡವೆ ಕಲೆಗೆ ವಿಮೆಯ ಹಣ ಸಿಗುವುದಿಲ್ಲ. ಸುಟ್ಟ ಗಾಯದ ಮಾತು ಬೇರೆ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ರೂಪ ಬದಲಿಸುವ ಚಿಕಿತ್ಸೆಯನ್ನು ಹೊರಗಿಡುವ ಷರತ್ತಿನಲ್ಲಿಯೇ ಅಪಘಾತ, ಸುಟ್ಟ ಗಾಯ ಮತ್ತು ಕ್ಯಾನ್ಸರ್ ನಂತರದ ಪುನಾರಚನೆಗೆ ವಿನಾಯಿತಿ ಇದೆ. ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಬೇಕೆಂದು 2013ರಿಂದ ಕಾನೂನಿದೆ. ಪುನಾರಚನೆಯ ಶಸ್ತ್ರಚಿಕಿತ್ಸೆಯೂ ಅದರಲ್ಲಿ ಸೇರುತ್ತದೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಅವರನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದೆ. ಸುಟ್ಟ ಕಲೆಗೆ ಲೇಸರ್ ಮಾಡಿಸುವವರು ವೈದ್ಯರ ಚೀಟಿಯಲ್ಲಿ ಗಾಯವಾದ ದಿನಾಂಕ, ಯಾವ ಕೀಲು ಎಷ್ಟು ಬಾಗುತ್ತಿಲ್ಲ ಎಂಬ ಅಳತೆ ಹಾಗೂ ‘ಸುಟ್ಟ ಗಾಯದ ನಂತರದ ಪುನಾರಚನೆ’ ಎಂಬ ಮಾತು ಇವೆಯೇ ಎಂದು ನೋಡಿಕೊಳ್ಳಬೇಕು. ಚಿಕಿತ್ಸೆಗೆ ಮುಂಚೆಯೇ ಅದನ್ನು ವಿಮಾ ಕಂಪನಿಗೆ ಕಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು.